ಗಂಟಿಲ್ಲದ ತಂತಿ

ಸೇಲಂನ ಗುಗೈ ಕೇರಿಗೆ ಬೆಳಕು ಹರಿಯುತ್ತಿದೆ. ಅಕ್ಕಪಕ್ಕದ ಮನೆಗಳಲ್ಲಿ ಮಗ್ಗದ ಸದ್ದು ಆಗಲೇ ಶುರುವಾಗಿದೆ. ಸಿದ್ದಲಕ್ಷ್ಮಮ್ಮನ ಪಡಸಾಲೆಯಲ್ಲಿ ಮಾತ್ರ ಟಾರ್ಚಿನ ಪುಟ್ಟ ಬಲ್ಬೊಂದು ಉರಿಯುತ್ತಿದೆ. ನೆಲದ ಮೇಲೆ ಅರವತ್ತರವತ್ತು ಮೊಳದ ಎರಡು ತಾಮ್ರದ ತಂತಿಗಳು, ಒಂದಕ್ಕೆ ಕೆಂಪು ನೂಲು ಸುತ್ತಿದೆ, ಇನ್ನೊಂದಕ್ಕೆ ಬಿಳಿ. ಒಂದು ತುದಿಗೆ ಸೆಲ್ಲು, ಇನ್ನೊಂದು ತುದಿಗೆ ಬಲ್ಬು. ಆಕೆ ಮೊಳಮೊಳವಾಗಿ ತಂತಿಯನ್ನು ಬಗ್ಗಿಸುತ್ತಾಳೆ, ಕಣ್ಣು ಮಾತ್ರ ಬಲ್ಬಿನ ಮೇಲೆ. ಅದು ಮಿಟುಕಿದರೆ ಒಳಗೆಲ್ಲೋ ತಾಮ್ರ ಕೈಕೊಟ್ಟಿದೆ ಎಂದರ್ಥ.

ಊರೂರು ತಿರುಗುವ ಟೆಂಟ್ ಟಾಕೀಸಿನಲ್ಲಿ ಮೆಷಿನ್ನು ಒಂದು ಕೊನೆಯಲ್ಲಿ, ಸ್ಪೀಕರು ಪರದೆಯ ಹಿಂದೆ. ನಡುವೆ ಮಾತನ್ನು ಹೊತ್ತೊಯ್ಯುವುದು ಈ ತಂತಿ. ಎರಡು ವರ್ಷದ ಹಿಂದೆ ಆಪರೇಟರ್ ಸುಬ್ಬರಾಯನ್ ಹಳೇ ತಂತಿಗೆ ನೂಲು ಸುತ್ತಿಸಲು ಈ ಕೇರಿಗೆ ಬಂದಾಗ ಗಂಡಸರು ನಕ್ಕು ಕಳಿಸಿದ್ದರು. ಸುತ್ತಿಕೊಟ್ಟವಳು ಸಿದ್ದಲಕ್ಷ್ಮಮ್ಮ. ಈಗ ತಾಮ್ರ ಆರಿಸುವುದರಿಂದ ಹಿಡಿದು ಜೇನುಮೇಣ ಕುಡಿಸುವವರೆಗೆ ಎಲ್ಲ ಆಕೆಯದೇ. ಎಂಟೆಳೆ ನೂಲು ಒಟ್ಟಿಗೆ ಹಿಡಿದು ಮೊಳಕ್ಕೆ ನೂರೈವತ್ತು ಸುತ್ತು, ದಿನಕ್ಕೆ ಇಪ್ಪತ್ತು ಮೊಳ.

ಸುಬ್ಬರಾಯನ್ ಹೊರಲು ಹಗುರವಾಗಲಿ ಎಂದು ಸಣ್ಣ ತಂತಿ ಕೇಳಿದ್ದ. ಈಕೆ ಒಪ್ಪಲಿಲ್ಲ. "ದೂರ ಜಾಸ್ತಿ ಆದಂಗೆ ತಾಮ್ರ ದಪ್ಪ ಇರ್ಬೇಕು. ಸಣ್ಣದ್ರಲ್ಲಿ ಅರ್ಧ ಸದ್ದು ದಾರೀಲೇ ಸವ್ದೋಗ್ತದೆ" ಎನ್ನುತ್ತಾಳೆ. ಹಾಗಂತ ಬೇಕಿಲ್ಲದ ಉದ್ದವನ್ನೂ ಕೊಡುವವಳಲ್ಲ. ಟೆಂಟಿನೊಳಗೆ ತಾನೇ ದಾರ ಹಿಡಿದು ನಡೆದು ಅಳೆದುಕೊಂಡು ಬಂದಿದ್ದಾಳೆ.

ಆದರೂ ಹೋದ ತಿಂಗಳು ಮೊರಪ್ಪೂರಿನಲ್ಲಿ ಮಾನ ಹೋಯಿತು. ಪರದೆಯ ಮೇಲೆ ನಾಯಕಿ ಬಾಯಿ ಬಿಟ್ಟು ಅಳುತ್ತಿದ್ದಾಳೆ, ಸದ್ದೇ ಇಲ್ಲ. ಜನ ಶಿಳ್ಳೆ ಹೊಡೆದು ಟೆಂಟು ಹಾರಿಸುವುದೊಂದು ಬಾಕಿ. ನೂಲು ಬಿಚ್ಚಿ ನೋಡಿದರೆ ಒಳಗೆ ನೇಕಾರರ ಗಂಟು. ತಾಮ್ರ ತುಂಡಾದಲ್ಲಿ, ಹುಟ್ಟಿದಾಗಿನಿಂದ ನೂಲಿಗೆ ಹಾಕಿದಂತೆಯೇ ಗಂಟು ಹಾಕಿ ಚೆಂದವಾಗಿ ಮುಚ್ಚಿದ್ದಳು. "ಬಟ್ಟೇಲಿ ಗಂಟು ಮುಚ್ಚಿದ್ರೆ ಕೈಚಳಕ ಅಂತಾರೆ. ತಂತೀಲಿ ಮುಚ್ಚಿದ್ರೆ ಮೋಸ" ಎನ್ನುವಾಗ ಈಗಲೂ ಆಕೆಯ ಮುಖ ಸಣ್ಣಗಾಗುತ್ತದೆ. ಶುಕ್ರವಾರ ಹೊಸ ತಂತಿ ತರಲು ಸುಬ್ಬರಾಯನ್ ಹೇಳಿದ್ದಾನೆ. ಇದೂ ಕೆಟ್ಟರೆ ಮುಂದೆ ಮದ್ರಾಸಿನಿಂದಲೇ ತರಿಸುತ್ತಾನೆ, ಈಕೆಗೆ ಈ ಕೆಲಸ ಅಲ್ಲಿಗೆ ಮುಗಿಯಿತು.

ಇವತ್ತು ಮಂಗಳವಾರ. ಕೆಂಪು ತಂತಿಯ ನಲವತ್ತೊಂದನೇ ಮೊಳದಲ್ಲಿ ಬಲ್ಬು ಮಿಟುಕುತ್ತದೆ.

ಸಿದ್ದಲಕ್ಷ್ಮಮ್ಮ ನೂಲು ಬಿಚ್ಚುತ್ತಾಳೆ. ಒಳಗೆ ಗಂಟು, ಅದರ ಸಂದಿಗೆಲ್ಲ ಮೇಣ ಇಳಿದಿದೆ. ಇದು ಆಕೆ ಹಾಕಿದ್ದಲ್ಲ. ಮಗ್ಗದಲ್ಲಿ ಕೂತಿದ್ದ ಗಂಡ ನಾರಪ್ಪ ತಲೆ ತಗ್ಗಿಸುತ್ತಾನೆ.

"ಇದ್ನ ಸುತ್ತೋ ದಿನ ನೀನು ಒಲೆ ಮುಂದೆ ಇದ್ದೆ. ರಾಟೆ ಸ್ವಲ್ಪ ತಿರುಗ್ಸಿದೆ, ಎಳ್ದು ಕಿತ್ತೋಯ್ತು. ಗಂಟೇ ಕಾಣ್ದಂಗೆ ಮಾಡಿವ್ನಿ ನೋಡು."

"ಕಣ್ಗೆ ಕಾಣ್ದಿದ್ರೆ ಆಯ್ತಾ? ಅದ್ಕೆ ಗೊತ್ತಾಗ್ತದಲ್ಲ" ಎಂದು ಆಕೆ ಬಲ್ಬಿನ ಕಡೆ ಕೈ ತೋರುತ್ತಾಳೆ.

"ಮೇಣ ಕೆರೆದು ಇನ್ನೂ ಬಿಗಿಯಾಗಿ ಕಟ್ತೀನಿ. ಮೂರೇ ದಿನ ಐತೆ."

"ಅರವತ್ತು ಮೊಳಕ್ಕೂ ಮೂರೇ ದಿನ ಸಾಕು. ಬುಡು, ಪರವಾಯಿಲ್ಲೆ."

ಕತ್ತರಿ ಹಾಕಿ ಕೆಂಪು ತಂತಿಯನ್ನು ಪಕ್ಕಕ್ಕೆ ಸರಿಸುತ್ತಾಳೆ. ಕೊನೆಯ ಸುರುಳಿ ತಾಮ್ರ ಹೊರಗೆ ಬರುತ್ತದೆ. ಬಗ್ಗಿಸಿ, ಉಗುರಿನಿಂದ ಗೀರಿ, ಮೆತ್ತಗಿದೆಯೆಂದು ಖಾತ್ರಿ ಮಾಡಿಕೊಂಡು ಮೊದಲ ಮೊಳದಿಂದ ಸುತ್ತಲು ಕೂರುತ್ತಾಳೆ. ಕೋಪವನ್ನೆಲ್ಲ ರಾಟೆಯ ಮೇಲೆ ತೀರಿಸಿದರೆ ಮತ್ತೆ ಕಿತ್ತುಹೋಗುತ್ತದೆಂದು ಗೊತ್ತು, ಆದ್ದರಿಂದ ಮೆಲ್ಲಗೇ ತಿರುಗಿಸುತ್ತಾಳೆ. ಮಧ್ಯಾಹ್ನದ ಸಾರು ಅವತ್ತು ನಾರಪ್ಪನೇ ಮಾಡಿದ್ದು. ಉಪ್ಪು ಸ್ವಲ್ಪ ಜಾಸ್ತಿ.

ಗುರುವಾರ ಸಂಜೆಗೆ ಬಲ್ಬು ಅರವತ್ತೂ ಮೊಳ ಅಲ್ಲಾಡದೆ ಉರಿಯುತ್ತದೆ. ಕೆಂಪು ಬಿಳಿ ಎರಡನ್ನೂ ಹುರಿ ಮಾಡಿ, ಶುಕ್ರವಾರ ಬೆಳಿಗ್ಗೆಯ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡೇ ಮೊರಪ್ಪೂರಿಗೆ ಬರುತ್ತಾಳೆ. ಮೊದಲ ಆಟದಲ್ಲಿ ಆಕೆ ಪರದೆ ನೋಡಲೇ ಇಲ್ಲ, ನೋಡಿದ್ದು ಜನರನ್ನು. ನಾಯಕಿ ಅತ್ತಳು, ಹೆಂಗಸರೂ ಅತ್ತರು. ಒಬ್ಬರೂ ಹಿಂದಕ್ಕೆ ತಿರುಗಿ ಮೆಷಿನ್ ಕಡೆ ನೋಡಲಿಲ್ಲ.

ಆಟ ಮುಗಿದ ಮೇಲೆ ಸುಬ್ಬರಾಯನ್ ತಂತಿಯನ್ನು ಬೆರಳ ಸಂದಿಯಲ್ಲಿ ಹಿಡಿದು ಆ ತುದಿಯಿಂದ ಈ ತುದಿಯವರೆಗೆ ಸವರಿಕೊಂಡು ಬರುತ್ತಾನೆ.

"ಅಕ್ಕಾ, ನೇಕಾರರ ಕೈ ಅಂದ್ರೆ ಇದು. ಗಂಟು ಎಲ್ಲೈತೆ ಅಂತ್ಲೇ ಕಾಣಾಕಿಲ್ಲ."

ಸಿದ್ದಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತಾಳೆ.

"ಕಾಣಾಕಿಲ್ಲ ಅಲ್ಲ ತಂಬಿ. ಇಲ್ಲ."