ನಾನು ಚಹಾ ಬಿಟ್ಟದ್ದು

ಮೊನ್ನೆ ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಸೋಡಾ ಬಾಟಲಿಯ ಮುಚ್ಚಳ ತೆಗೆದರು. ಆ ಚುಸ್ಸೆಂಬ ಸದ್ದಿಗೆ ನನ್ನ ಜೊತೆ ಮಾಸ್ತರಿಕೆ ಮಾಡುತ್ತಿದ್ದ ವಿಜ್ಞಾನದ ಸರ್ ನೆನಪಾದರು...

ಇಪ್ಪತ್ತು ವರ್ಷದ ಹಿಂದೆ, ಯರಗಟ್ಟಿಯ ಅವರ ಹೊಸ ಮನೆಗೆ ಹೊರಟಾಗ ನಾನು ಹೆದರದ ಸಂಗತಿಯಿಲ್ಲ. ಬಸ್ಸು ಕೆಡಬಹುದು. ಉಡುಗೊರೆಯ ಗಡಿಯಾರ ಒಡೆಯಬಹುದು. ಒಡೆಯದಿದ್ದರೆ ಅಲ್ಲಿ ಆಗಲೇ ಮೂರು ಗಡಿಯಾರ ಬಂದಿರಬಹುದು. ನಾಯಿ ಬೆನ್ನು ಹತ್ತಬಹುದು. ಬೂಟು ಬಿಚ್ಚಿದಾಗ ಕಾಲ್ಚೀಲದ ತೂತು ಹತ್ತು ಜನರಿಗೆ ಕಾಣಬಹುದು. ಒಂದೂ ಆಗಲಿಲ್ಲ. ಆದದ್ದು ಇಷ್ಟೇ: ಸರ್ ಅವರ ಹೆಂಡತಿ ಚಹಾದ ಕಪ್ಪು ಮುಂದೆ ಹಿಡಿದಾಗ ನನ್ನ ಕೈ ಮೇಲೇಳಲಿಲ್ಲ.

ಅವರು ದಲಿತರು, ಬೌದ್ಧರಾದವರು. ನಮ್ಮದು ಬೈಲಹೊಂಗಲದಲ್ಲಿ ಕಾಳುಕಡಿ ದಲ್ಲಾಳಿಯ ಅಡತಿ ಅಂಗಡಿಯಿದ್ದ ಮನೆತನ. ಅವರ ಓಣಿಯಲ್ಲಿ ನಮ್ಮ ಹಿರಿಯರು ನೀರೂ ಕುಡಿದವರಲ್ಲ. ನಾನು ಅದನ್ನೆಲ್ಲ ದಾಟಿದವನೆಂದು ಬೀಗುತ್ತಿದ್ದೆ. ಆ ವಾರವಷ್ಟೇ ಶಾಲೆಯಲ್ಲಿ ಸಮಾನತೆಯ ಮೇಲೆ ಮುಕ್ಕಾಲು ಗಂಟೆ ಭಾಷಣ ಬಿಗಿದಿದ್ದೆ. ಮೊದಲು ಚಪ್ಪಾಳೆ ತಟ್ಟಿದವರು ಸರ್.

“ನಾ ಚಾ ಬಿಟ್ಟೇನ್ರಿ. ಆಸಿಡಿಟಿ,” ಎಂದೆ.

“ಯಾವಾಗ ಬಿಟ್ರಿ ಸರ್? ಮುಂಜಾನೆ ಸಾಲ್ಯಾಗ ಎರಡ ಕಪ್ ಹೊಡದ್ರಲ್ಲ?”

“ಅದಕ್ಕ ರೀ... ಮಧ್ಯಾಹ್ನ ಬಿಟ್ಟೆ.”

ಕೇಳಿದ ಸರ್ ನಕ್ಕರು. ಕಪ್ಪಿನ ಮೇಲೆ ಕೆನೆ ಕಟ್ಟಿತು.

ಸರ್ ಶಾಲೆಯಲ್ಲಿ ನನ್ನ ಎದುರಿಗೇ ಕೂರುತ್ತಿದ್ದರಾದ್ದರಿಂದ ಅಲ್ಲಿಯೂ ಚಹಾ ಬಿಡಬೇಕಾಯಿತು. ಒಂದು ವಾರ ತಲೆನೋವು. ತಿಂಗಳಾಗುವಷ್ಟರಲ್ಲಿ ಚಹಾ ವಿಷವೆಂದು ಉಳಿದ ಮಾಸ್ತರರಿಗೆ ಉಪದೇಶ. ಇಬ್ಬರಿಂದ ಬಿಡಿಸಿಯೂ ಬಿಟ್ಟೆ. ನಂಬಿಕೆಗೂ ನಡತೆಗೂ ತಾಳೆಯಾಗದಿದ್ದರೆ ಮನಸ್ಸು ಚಡಪಡಿಸಿ, ಹೇಗಾದರೂ ಎರಡನ್ನೂ ಹೊಂದಿಸಿಕೊಳ್ಳುತ್ತದೆ ಎಂದು ಬಿ.ಎಡ್.ನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಒಳ್ಳೆಯ ಅಂಕವೂ ಬಂದಿತ್ತು. ಆದರೂ, ಇದು ಜಾತಿಯ ಮಾತಲ್ಲ, ಹೊಟ್ಟೆಯ ಮಾತು ಎಂದು ನನ್ನನ್ನು ನಾನೇ ಪೂರ್ತಿ ಒಪ್ಪಿಸಿಬಿಟ್ಟಿದ್ದೆ.

ಮುಂದೊಮ್ಮೆ ಅವರ ಮನೆಗೆ ಹೋದಾಗ ಸರ್ ನನ್ನ ಮುಂದೆ ಸೋಡಾ ಬಾಟಲಿ ಇಟ್ಟರು. ಪಕ್ಕದಲ್ಲಿ ಲೋಟವಿರಲಿಲ್ಲ.

“ಅಂಗಡಿದು ಐತ್ರಿ. ಮುಚ್ಚಳಾ ನೀವ ತೆಗೀರಿ.”

ದನಿಯಲ್ಲಿ ಕೊಂಕಿರಲಿಲ್ಲ, ಕೊಂಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ತೆಗೆದು, ಬಾಟಲಿಗೇ ಬಾಯಿ ಹಚ್ಚಿ ಕುಡಿದೆ...

ಆಮೇಲೆ ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದೆವು. ‘ಒಂದ ಕಪ್ ಚಾ ಮಾಡಸ್ರಿ ಸರ್’ ಎಂದಿದ್ದರೆ ಸಾಕಿತ್ತು. ಆದರೆ ಕೇಳಿದರೆ, ಇಷ್ಟು ದಿನ ಏಕೆ ಕುಡಿಯಲಿಲ್ಲವೆಂಬುದನ್ನೂ ಹೇಳಬೇಕಲ್ಲ.

ಹೋದ ವರ್ಷ ಸರ್ ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು. ಮನೆಯವರನ್ನು ಮಾತಾಡಿಸಿ ಬರಲು ಹೊರಟವನು ಈ ಸಲ ಚಹಾ ಕೊಟ್ಟರೆ ಕುಡಿಯುವುದೇ ಎಂದು ಬಸ್ಸಿನಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಗೋಡೆಯ ಮೇಲೆ ನನ್ನ ಗಡಿಯಾರ ನಡೆಯುತ್ತಿತ್ತು. ಅವರ ಮಗಳು ಎಲ್ಲರಿಗೂ ಚಹಾ ಕೊಟ್ಟು, ನನ್ನ ಮುಂದೆ ಸೋಡಾ ಇಟ್ಟಳು.

“ಅಪ್ಪಾರು ಹೇಳತಿದ್ರು ರೀ ಕಾಕಾ, ನಿಮಗ ಚಾ ಆಗಂಗಿಲ್ಲಂತ. ಹೊಟ್ಟಿ ತ್ರಾಸಂತ.”

ಈ ಸಲ ಪಕ್ಕದಲ್ಲಿ ತೊಳೆದ ಲೋಟವಿತ್ತು. ಸರ್ ಮನೆಯವರಿಗೆ ಬೇರೆ ಏನನ್ನೂ ಹೇಳಿರಲಿಲ್ಲ. ಮುಚ್ಚಳ ನಾನೇ ತೆಗೆದೆ. ಲೋಟಕ್ಕೆ ಬಗ್ಗಿಸಿ ಕುಡಿದೆ. ಅದನ್ನು ನೋಡಬೇಕಾದವರು ಇರಲಿಲ್ಲ.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ, ಇಪ್ಪತ್ತು ವರ್ಷದ ಮೇಲೆ, ಒಂದು ಕಪ್ ಚಹಾ ಕುಡಿದೆ. ಬಸ್ಸು ತಡವಾಗಿತ್ತು, ಇನ್ನೊಂದು ಕುಡಿದೆ.

ಹೊಟ್ಟೆಗೆ ಏನೂ ಆಗಲಿಲ್ಲ.