ಎಮ್ಮೆಗೆ ಹಾಕಿದ ಕೀಲಿ

೧೯೪೮ರಲ್ಲಿ ನಾನು ಸಾಲೆ ಬಿಟ್ಟೆ. ಉರ್ದು ಮೂರನೇ ಜಮಾತಿನಲ್ಲಿದ್ದೆ. ನಿಜಾಮರ ಆ ದಿನಗಳಲ್ಲಿ ನಮ್ಮ ಕಡೆ ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ. ಮೂರರಲ್ಲೂ ಬೈಯಲು ಬರುತ್ತಿತ್ತು, ಒಂದರಲ್ಲೂ ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ. ಅದಕ್ಕೆ ನನಗೆ ನಾಚಿಕೆಯಿಲ್ಲ. ಈ ಅಕ್ಷರಗಳನ್ನು ಆಮೇಲೆ ದುಡಿಯುತ್ತ ನಾನೇ ಕಲಿತೆ.

ನಮ್ಮದು ಔರಾದ ತಾಲೂಕಿನ ಸಣ್ಣ ಊರು, ಠಾಣಾ ಕುಶನೂರಿಗೆ ಹತ್ತಿರ. ಅಪ್ಪ ಶರಣಪ್ಪ ಒಕ್ಕಲುತನ ಮಾಡುತ್ತಿದ್ದ. ಗೋಡೆಗೆ ಗೋಡೆ ಹತ್ತಿ ಮೌಲಾ ಕಾಕಾನ ಮನೆ. ಹತ್ತಿ ಹಿಂಜಿ ಗಾದಿ ತುಂಬುವುದು ಅವನ ಕಸುಬು. ಅವನ ಗಡ್ಡದಲ್ಲಿ ಯಾವಾಗಲೂ ಅರಳೆಯ ಎಳೆ ಸಿಕ್ಕಿರುತ್ತಿತ್ತು. ಊರಿಗೆ ಹೋಗುವವರು ದನ ಕಟ್ಟುವ ಹಗ್ಗವನ್ನು, ಅಂದರೆ ಕಣ್ಣಿಯನ್ನು, ಒಮ್ಮೆ ನೆರೆಯವರ ಕೈಗೆ ಮುಟ್ಟಿಸಿ ಹೋಗುವುದು ನಮ್ಮ ಓಣಿಯ ಪದ್ಧತಿ. ಕಣ್ಣಿ ಮುಟ್ಟಿದ ಮೇಲೆ ನೀರು, ಮೇವು, ಸಗಣಿ ಎಲ್ಲ ಅವರ ಪಾಲಿಗೆ. ಕಾಕಾ ಉರುಸಿಗೆ ಹೋದರೆ ಅವನ ಆಡುಗಳು ನಮ್ಮ ಪಾಲಿಗೆ. ಮಾತು ಕೊಡುವುದು, ತೆಗೆದುಕೊಳ್ಳುವುದು ಏನೂ ಇರಲಿಲ್ಲ.

ಆ ಭಾದ್ರಪದದಲ್ಲಿ ಹೆಸರುಕಾಯಿ ಬಿಡಿಸುವ ಹಂಗಾಮು. ಅಂಗಳದ ತುಂಬ ಹಸಿ ಹೊಟ್ಟಿನ ವಾಸನೆ. ಹಸಿರು ಕಾಯಿ ಸುಲಿದು ತಿನ್ನುತ್ತ ನಾವು ಹುಡುಗರು ಗೋಲಿ ಆಡುತ್ತಿದ್ದೆವು. ಆದರೆ ದೊಡ್ಡವರ ದನಿ ತಗ್ಗಿತ್ತು. ನಿಜಾಮನ ಕಡೆಯ ರಜಾಕಾರರು ಬರುತ್ತಾರಂತೆ, ಹಿಂದುಸ್ತಾನದ ದಂಡು ಬರುತ್ತದಂತೆ. ಒಂದು ಮುಂಜಾನೆ ಅಪ್ಪ ಗಾಡಿ ಹೂಡಿದ. ಭಾಲ್ಕಿಯಲ್ಲಿ ನಮ್ಮ ಸೋದರಮಾವನ ಕಿರಾಣಿ ಅಂಗಡಿಯಿತ್ತು, ಅಲ್ಲಿಗೆ ಹೋಗುವುದೆಂದಾಯಿತು. ಗಬ್ಬದ ಎಮ್ಮೆ ಚಂದ್ರಿ ಅಷ್ಟು ದೂರ ನಡೆಯಲಾರಳು. ಅವಳನ್ನು ಬಿಟ್ಟು ಹೋಗಬೇಕಾಯಿತು.

ಅಪ್ಪ ಆ ದಿನ ಹಗ್ಗ ತೆಗೆದು, ಚಂದ್ರಿಯ ಕೊರಳಿಗೆ ಕಬ್ಬಿಣದ ಸರಪಳಿ ಹಾಕಿದ. ಅದರ ಇನ್ನೊಂದು ತುದಿಯನ್ನು ಕೊಟ್ಟಿಗೆಯ ಕಲ್ಲುಗೂಟಕ್ಕೆ ಸುತ್ತಿ, ಬಾಗಿಲಿಗೆ ಹಾಕುವ ದೊಡ್ಡ ಕೀಲಿ ಜಡಿದ. ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡ.

ಮೌಲಾ ಕಾಕಾ ಗೋಡೆಯ ಆಚೆಯಿಂದ ನೋಡುತ್ತಿದ್ದ. "ಏನೋ ಶರಣಪ್ಪಾ, ಎಮ್ಮಿಗಿ ಕೀಲಿ ಹಾಕ್ದಿ. ಹೊಟ್ಟ್ಯಾಗಿನ ಕರಕ್ಕ ಬ್ಯಾರೆ ಕೀಲಿ ಹಾಕ್ತಿ ಏನು?"

ಅಪ್ಪ ನಗಲಿಲ್ಲ. "ಹೊತ್ತು ಛಲೋ ಇಲ್ಲ ಮೌಲಾ. ಯಾರರೆ ಹೊಡ್ಕೊಂಡು ಹೋದ್ರ?"

"ನಾ ಇಲ್ಲೇನು ಸತ್ತೀನಾ?"

"ನೀರು ಹಾಕು. ನಾಳಿ ನಾಡದ ಬರ್ತೇನಿ."

ಕಾಕಾ ತಾನೇ ಬಂದು ಸರಪಳಿ ಮುಟ್ಟಿದ. ಕೀಲಿಕೈ ಕೇಳಲಿಲ್ಲ. ಅಪ್ಪ ಕೊಡಲೂ ಇಲ್ಲ. ಅವ್ವ ಗಾಡಿಯಲ್ಲಿ ಕುಳಿತು ಸೆರಗು ಬಾಯಿಗೆ ಹಿಡಿದಿದ್ದಳು.

ನಾಳೆ ನಾಡಿದ್ದು ದಾಟಿತು. ಭಾಲ್ಕಿಯ ಸ್ಟೇಶನ್ನಿನ ಬಳಿ ಜನವೋ ಜನ. ದಂಡು ಬಂತು, ನಿಜಾಮ ಸೋತ ಎಂದರು, ಮಾವ ಅಂಗಡಿಯಲ್ಲಿ ಬೆಲ್ಲ ಹಂಚಿದ. ಇನ್ನು ಹೆದರಿಕೆ ಮುಗಿಯಿತು ಎಂದುಕೊಂಡೆ. ಅದು ಮುಗಿದಿರಲಿಲ್ಲ, ಓಣಿಯ ಈ ಬದಿಯಿಂದ ಆ ಬದಿಗೆ ಹೋಗಿತ್ತು. ಒಂದು ಸಂಜೆ ನಮ್ಮ ಕಡೆಯ ಗಾಡಿಯವನೊಬ್ಬ ಉಪ್ಪು ಕೊಳ್ಳಲು ಬಂದು ಅಪ್ಪನಿಗೆ ಹೇಳಿದ, "ನಿಮ್ಮ ಓಣ್ಯಾಗಿನ ಮುಸಲ್ಮಾನರ ಮನಿಗೋಳು ಖಾಲಿ ಆಗ್ಯಾವ್ರಿ. ಓಡಿದವರು ಓಡ್ಯಾರ, ಉಳದವರದು ಕೇಳಬ್ಯಾಡ್ರಿ."

ಅಪ್ಪನ ಕೈ ತಾನಾಗಿ ಉಡದಾರಕ್ಕೆ ಹೋದದ್ದನ್ನು ನಾನು ಕಂಡೆ.

"ಅಪ್ಪಾ, ಚಂದ್ರಿಗಿ ನೀರು ಯಾರು ಹಾಕ್ತಾರ?"

ಮಾವ ಗದರಿದ. "ಮಂದಿ ಹೆಣಾ ಬೀಳ್ಲತ್ತಾವ, ಈ ಹುಡುಗಂದು ಎಮ್ಮಿ ಚಿಂತಿ! ಸುಮ್ಮ ಕುಂಡ್ರೋ."

ಸುಮ್ಮನೆ ಕುಳಿತೆ. ಆದರೆ ಅವ್ವ ಕೊಟ್ಟ ಮಜ್ಜಿಗೆ ಮುಟ್ಟಲಿಲ್ಲ. ಹಗ್ಗವಾಗಿದ್ದರೆ ಜಗ್ಗಿ ಹರಿದುಕೊಂಡಾಳು, ಹಲ್ಲಿನಿಂದ ಕಡಿದಾಳು. ಕಬ್ಬಿಣ ಹ್ಯಾಗೆ ಕಡಿಯಬೇಕು? ಮಳೆ ಬಂದರೆ ಸೂರಿನ ನೀರು ಅವಳ ಬಾಯಿಗೆ ಸಿಗುತ್ತದೆಯೇ ಎಂದು ಲೆಕ್ಕ ಹಾಕಿದೆ. ಮೋಡ ಕಂಡರೆ ಸಮಾಧಾನ, ಬಿಸಿಲು ಬಿದ್ದರೆ ಮತ್ತೆ ಹೊರಗೆ ಹೋಗಿ ಮೋಡ ಹುಡುಕುತ್ತಿದ್ದೆ. ಅಪ್ಪನೂ ಮೋಡವನ್ನೇ ನೋಡುತ್ತಿದ್ದ. ದಾರಿ ಸರಿಯಿಲ್ಲವೆಂದು ಮಾವ ಬಿಡಲಿಲ್ಲ. ಕೊನೆಗೆ ಒಂದು ನಸುಕಿನಲ್ಲಿ ಅಪ್ಪ ಯಾರನ್ನೂ ಕೇಳದೆ ಎತ್ತು ಹೂಡಿದ. ನಾನು ಹಿಂದಿನಿಂದ ಹತ್ತಿ ಕುಳಿತೆ. ಇಳಿ ಎನ್ನಲಿಲ್ಲ.

ಎತ್ತಿಗೆ ಬಾರುಕೋಲು ಮುಟ್ಟಿಸದ ಮನುಷ್ಯ ಅಂದು ದಾರಿಯುದ್ದಕ್ಕೂ ಬಡಿದ. ಎಡದ ಎತ್ತಿನ ಬೆನ್ನಲ್ಲಿ ಬಾಸುಂಡೆ ಎದ್ದಿತು. ಒಂದು ಜೀವ ಉಳಿಸಲು ಹೋಗಿ ಎರಡು ಜೀವಕ್ಕೆ ಹೊಡೆಯುತ್ತಿದ್ದೇವಲ್ಲ ಎಂದು ಅನ್ನಿಸಿತು. ಹಾದಿಯ ಬದಿಗೆ ಸುಟ್ಟ ಜೋಳದ ಕಣಿಕೆಯ ವಾಸನೆ. ಒಂದು ಊರಿನಲ್ಲೂ ನಾಯಿ ಬೊಗಳಲಿಲ್ಲ.

ನಮ್ಮ ಓಣಿಗೆ ಬಂದಾಗ ಹೊತ್ತು ಇಳಿದಿತ್ತು. ಕಾಕಾನ ಮನೆಗೆ ಬಾಗಿಲೇ ಇರಲಿಲ್ಲ. ಹಿಂಜಿದ ಅರಳೆ ಮಳೆಗೆ ತೊಯ್ದು ಅಂಗಳದಲ್ಲಿ ಕೆಸರಾಗಿತ್ತು. ನಾನು ನಮ್ಮ ಕೊಟ್ಟಿಗೆಗೆ ಓಡಿದೆ.

ಚಂದ್ರಿ ಇರಲಿಲ್ಲ. ಕಲ್ಲುಗೂಟ ಇದ್ದ ಜಾಗದಲ್ಲಿ ಗುಂಡಿ. ಗೂಟವನ್ನು ಸುತ್ತಲೂ ಅಗೆದು ಕೆಡವಿದ್ದರು. ಬುಡದಿಂದ ಸರಪಳಿಯ ಸುತ್ತು ಜಾರಿ ಹೋಗಿತ್ತು. ಪಕ್ಕದಲ್ಲಿ ಹಾರೆ ಬಿದ್ದಿತ್ತು, ಮೌಲಾ ಕಾಕಾನದು. ಬಾಗಿಲವರೆಗೂ ಸರಪಳಿ ಎಳೆದ ಗೆರೆ. ಅದನ್ನೇ ಹಿಡಿದು ಓಡಿದರೆ ಊರ ಹೊಂಡದಲ್ಲಿ ಎರಡು ಕೋಡು, ಒಂದು ಮೂಗು. ನನ್ನ ದನಿ ಕೇಳಿ ಹೂಂಕರಿಸಿದಳು. ಕೊರಳು ಹುಣ್ಣಾಗಿ ಹುಳ ಬಿದ್ದಿತ್ತು. ಸೀತಾಫಲದ ಎಲೆ ಅರೆದು ತುಂಬಿದೆವು. ಬದುಕಿದಳು, ದೀಪಾವಳಿಗೆ ಮುಂಚೆ ಹೆಣ್ಣು ಕರ ಹಾಕಿದಳು. ಸಾಲೆಯ ಮಾಸ್ತರರೂ ಊರು ಬಿಟ್ಟಿದ್ದರು. ಮತ್ತೆ ಸಾಲೆ ತೆರೆಯುವ ಹೊತ್ತಿಗೆ ನಾನು ಅವಳ ಹಿಂದೆ ದನ ಮೇಯುವ ಬೀಳಿನಲ್ಲಿದ್ದೆ.

ಆ ಸಂಜೆ ಅಪ್ಪ ಹೊಂಡದಿಂದ ಬಂದವನು ಗುಂಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಕೈ ಇಳಿಸಿದ, ಮೊಳಕೈವರೆಗೂ ಹೋಯಿತು.

"ಒಬ್ಬಾಂವೇ ಅಗದಾನ," ಎಂದ. "ಹೆಂಡ್ತಿ ಮಕ್ಕಳು ಹೊರಗ ನಿಂತಿರಬೇಕು. ಏಟು ಹೊತ್ತು ಹಿಡದಿರಬೇಕೋ?"

ನನ್ನನ್ನು ಕೇಳಿದನೋ ಗುಂಡಿಯನ್ನೋ ತಿಳಿಯಲಿಲ್ಲ. ಮೊದಲು ಹೊರಟವರು ನದಿ ದಾಟಿದರಂತೆ, ತಡವಾದವರು ಸಿಕ್ಕಿಬಿದ್ದರಂತೆ ಎಂದು ಆಮೇಲೆ ಊರವರು ಹೇಳಿದರು. ಕಾಕಾ ಯಾವ ಗುಂಪಿನಲ್ಲಿದ್ದ ಎಂದು ಯಾರೂ ಹೇಳಲಿಲ್ಲ. ಅಪ್ಪ ಬೀದರಿಗೆ ಹೋದಾಗಲೆಲ್ಲ ಚೌಬಾರದ ಸುತ್ತಿನ ಗಾದಿ ಅಂಗಡಿಗಳಲ್ಲಿ ವಿಚಾರಿಸುತ್ತಿದ್ದ. ಕಂಡೇವಿ ಎಂದವರುಂಟು, ಹೈದರಾಬಾದಿನಲ್ಲಿದ್ದಾನೆ ಎಂದವರುಂಟು. ಕಾಕಾ ಬರಲಿಲ್ಲ. ಕಾಕಾ ಅಂದು ಕೀಲಿಕೈ ಕೇಳಿದ್ದರೆ ಕೊಡುತ್ತಿದ್ದೆಯಾ ಎಂದು ನಾನೂ ಅಪ್ಪನನ್ನು ಕೇಳಲಿಲ್ಲ. ಅಷ್ಟರಲ್ಲಿ ಅಪ್ಪ ತೀರಿಹೋದ.

ಈಗ ಮೂಕಪ್ರಾಣಿಗೆ ಕಾಯ್ದೆ ಬಂದಿದೆ, ಅದು ಸಣ್ಣ ಮಾತಲ್ಲ. ಕುಶನೂರಿನ ದನದ ಡಾಕ್ಟರು ಮನೆಗೇ ಬಂದು ಸೂಜಿ ಹಾಕುತ್ತಾರೆ. ಮುಳ್ಳುಮೊಳೆಯ ಬಾರುಕೋಲು ಹಿಡಿದರೆ ಸಾಲೆಯ ಮಕ್ಕಳೇ ಬೈಯುತ್ತವೆ. ಆದರೂ ಕಮಲನಗರದ ರಸ್ತೆಯಲ್ಲಿ ದನಗಳನ್ನು ಕಾಲು ಕಟ್ಟಿ ಒಂದರ ಮೇಲೊಂದು ತುಂಬಿದ ಟೆಂಪೊ ಕಾಣುತ್ತೇನೆ. ಅದನ್ನು ತಡೆಯುವ ಹುಡುಗರು ಮೊದಲು ಡ್ರೈವರನ ಹೆಸರು ಕೇಳುತ್ತಾರೆ. ದನಕ್ಕೆ ನೀರು ಕುಡಿಸಿದೆಯಾ ಎಂದು ಆಮೇಲೂ ಕೇಳುವುದಿಲ್ಲ. ನಾನು ನೀರಿನ ಕೊಡ ಹಿಡಿದು ಹೋದರೆ, "ಮುತ್ಯಾ, ನೀ ಸರಿ ಆಕಡಿ," ಎನ್ನುತ್ತಾರೆ. ಆಗ ನಾನು ಭಾಲ್ಕಿಯಲ್ಲಿ ನೋಡಿದಂತೆಯೇ ಮೋಡ ನೋಡುತ್ತೇನೆ.

ಇದ್ದದ್ದನ್ನು ಹೇಳಿಬಿಡುತ್ತೇನೆ. ಎಮ್ಮೆ ನಾಲ್ಕು, ಆಕಳು ಎರಡು, ನನ್ನ ದುಡಿಮೆಯ ಹೊಲ ಆರು ಎಕರೆ. ಕೊಟ್ಟಿಗೆಗೆ ಸಿಮೆಂಟಿನ ನೆಲ, ನಳ ಒಂದು, ಫ್ಯಾನು ಒಂದು. ಮಕ್ಕಳು ಮೂವರು, ಅಟ್ಟಿದರೂ ದನ ಬಿಟ್ಟು ಊರಿಗೆ ಹೋಗದ ಮುದುಕ ನಾನೊಬ್ಬ. ಕಣ್ಣಿ ಮುಟ್ಟಿಸಿ ಹೋಗಬಹುದಾದ ಮನೆ, ಒಂದೂ ಇಲ್ಲ.