ಎಸ್ತೇರಮ್ಮ ಬೇಡಿದ ತುಂಡು ಬಟ್ಟೆ

ನಾನು ದರ್ಜಿ. ಯಾದಗಿರಿಯ ಸ್ಟೇಷನ್ ಕಡೆಯ ಓಣಿಯಲ್ಲಿ ನಲವತ್ತು ವರ್ಷದಿಂದ ಮೆಷಿನ್ ತುಳಿಯುತ್ತಿದ್ದೇನೆ. ಅಳತೆ ತಪ್ಪಿದ ಹೊಲಿಗೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಶೇಖಮ್ಮ ನನ್ನ ಅಂಗಡಿಯ ಕಟ್ಟೆಯ ಮೇಲೇ ಕೂತು, ನನ್ನದೇ ಚಿಂದಿ ಆರಿಸಿಕೊಂಡು, ಟೇಪಿನ ಮುಖ ಕೂಡ ನೋಡದೆ ಹೊದೆಯುವ ಕೌದಿ ಹೊಲಿಯುತ್ತಾಳೆ. ಇಷ್ಟು ವರ್ಷ ಅವಳನ್ನು ಹೇಗೆ ಸಹಿಸಿಕೊಂಡಿರಿ ಎಂದು ಜನ ಕೇಳುತ್ತಾರೆ. ಸಹಿಸಿಕೊಂಡವರು ಯಾರು? ದಿನಾ ಜಗಳವಾಡಿದ್ದೇನೆ.

ಆಕೆಗೀಗ ಎಪ್ಪತ್ತು. ಗಂಡ ಮರಿಲಿಂಗಪ್ಪ ಹಮಾಲಿ ಮಾಡಿಕೊಂಡಿದ್ದ, ತೀರಿಹೋದ. ಆಕೆ ಜೋಪಾನ ಮಾಡಿಟ್ಟಿದ್ದು ಎರಡೇ: ಚಿಕ್ಕಂದಿನಲ್ಲಿ ಬಂದ ಒಂದು ಕೌದಿ, ಮತ್ತೆ ಮದುವೆಯ ಹಸಿರು ಇಳಕಲ್ ಸೀರೆ. ಆ ಸೀರೆಯ ವಿಷಯ ನನಗೆ ಬಾಯಿಪಾಠವಾಗಿತ್ತು.

"ಅಲ್ಲಾಬಕ್ಷ, ನಾ ಸತ್ತ ದಿನ ಇದನ್ನ ಉಡಸಿ ಕಳಸ್ರಿ. ನನ್ ಸೊಸಿಗಿ ನೆನಪಿರಂಗಿಲ್ಲ, ನೀ ನೆನಪಿಟ್ಕೋ."

"ಮೊದಲ ಸಾಯಿ, ಆಮ್ಯಾಲ ನೋಡ್ತೀನಿ," ಎನ್ನುತ್ತಿದ್ದೆ.

ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ಆಕೆಗೆ ಒಂದು ಹುಚ್ಚು. ಯಾವುದಾದರೂ ಬಡವರ ಗುಡಿಸಲು ಹುಡುಕಿಕೊಂಡು ಹೋಗಿ ಒಂದು ಹರಕು ಬಟ್ಟೆ ಬೇಡಿ ತರುತ್ತಿದ್ದಳು. ಇಲ್ಲಿ ಗೋಣಿ ತುಂಬ ಚಿಂದಿ ಬಿದ್ದಿರುವಾಗ, ಉಡಲು ಎರಡು ಬಟ್ಟೆ ಇಲ್ಲದವರ ಹತ್ತಿರ ಬೇಡುವುದೇ? ಒಮ್ಮೆ ಚೆನ್ನಾಗಿ ಬೈದೆ. ಆಗ ಆಕೆ ಸೂಜಿ ಕೆಳಗಿಟ್ಟು ಈ ಕಥೆ ಹೇಳಿದಳು.

ಆಕೆಗೆ ಏಳು ವರ್ಷವಿದ್ದಾಗಿನ ಮಾತು. ಅವಳ ಅವ್ವ ರೈಲು ಹಳಿಯ ಪಕ್ಕ ಜಲ್ಲಿ ಒಡೆಯುತ್ತಿದ್ದಳು. ಗುಡಿಸಲಿನಲ್ಲಿ ಅವ್ವ, ಇವಳು, ಕೆಮ್ಮುವ ತಮ್ಮ, ಮೂವರಿಗೂ ಸೇರಿ ಹೊದೆಯಲು ಒಂದು ಗೋಣಿಚೀಲ. ಆಗೆಲ್ಲ ಕ್ರಿಸ್ಮಸ್ ದಿನ ಮಿಷನ್ ಕಂಪೌಂಡಿನಲ್ಲಿ ಬಡವರನ್ನು ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿ, ಕಂಬಳಿ ಕೊಡುತ್ತಿದ್ದರಂತೆ. ಓಣಿಗೆ ಓಣಿಯೇ ಹೋಗುತ್ತಿತ್ತು. ಅವ್ವ ಮಾತ್ರ ಹೋಗಲಿಲ್ಲ. "ದುಡದು ತಿಂತೀನಿ, ಯಾರ ಮುಂದೂ ಕೈ ಒಡ್ಡಂಗಿಲ್ಲ," ಎಂದು ಕೂತುಬಿಟ್ಟಳು. ಮಗನ ಕೆಮ್ಮು ದಿನದಿನಕ್ಕೆ ಹೆಚ್ಚುತ್ತಿತ್ತು.

ದವಾಖಾನೆಯಲ್ಲಿ ಆಯಾ ಆಗಿದ್ದ ಎಸ್ತೇರಮ್ಮ ಇದನ್ನು ನೋಡಿದ್ದಳು. ಒಂದು ಸಂಜೆ ಗುಡಿಸಲಿಗೆ ಬಂದು ಬಾಗಿಲಲ್ಲೇ ನಿಂತಳು.

"ತಂಗಿ, ಕೌದಿ ಹೊಲ್ಯಾಕತ್ತೀನಿ. ಒಂದು ತುಂಡು ಅರಿವಿ ಕಡಿಮಿ ಬಿದ್ದದ. ನಿನ್ನ ಕಡೆ ಇದ್ರ ಕೊಡ್ತಿಯೇನವಾ?"

ತನ್ನನ್ನೂ ಒಬ್ಬರು ಬೇಡಿದರಲ್ಲ ಎಂದು ಅವ್ವ ಅವತ್ತು ಹಿಗ್ಗಿದಳಂತೆ. ಹಳೇ ಸೀರೆಯ ಕೆಂಪು ಸೆರಗನ್ನು ಟರ್ರನೆ ಹರಿದು ಕೊಟ್ಟಳು. ಕ್ರಿಸ್ಮಸ್ ದಿನ ಮಧ್ಯಾಹ್ನ ಎಸ್ತೇರಮ್ಮ ದಪ್ಪನೆಯ ಕೌದಿ ಹೊತ್ತು ಬಂದಳು. ನಟ್ಟನಡುವೆ ಆ ಕೆಂಪು ತುಂಡು.

"ನೋಡವಾ, ಇದ್ರಾಗ ನಿನ್ನ ಅರಿವಿ ಅದ. ಇದು ನಿಂದೂ ಹೌದು, ನಂದೂ ಹೌದು. ನನ್ ಮನ್ಯಾಗ ಇಡಾಕ ಜಾಗಿಲ್ಲ, ನೀನೇ ಇಟ್ಕೋ."

ಅವ್ವ ಕೌದಿ ತೆಗೆದುಕೊಂಡು ಮಗನಿಗೆ ಹೊದಿಸಿದಳು. ತಮ್ಮ ಆ ಚಳಿಗಾಲ ದಾಟಿದ.

ಮುಂದೆ ಶೇಖಮ್ಮ ಕೌದಿ ಹೊಲಿಯಲು ಕಲಿತದ್ದೂ ಎಸ್ತೇರಮ್ಮನ ಹತ್ತಿರವೇ. ಎಸ್ತೇರಮ್ಮ ತೀರಿಕೊಂಡಾಗ ಮಣ್ಣಿಗೂ ಹೋಗಿದ್ದಳು. ಅವರಲ್ಲಿ ಮದುವೆಗೆ ಬಿಳಿ ಸೀರೆ. ಅದರಲ್ಲೇ ಮಣ್ಣು ಸೇರಬೇಕೆಂದು ಎಸ್ತೇರಮ್ಮನಿಗೆ ಆಸೆಯಿತ್ತು. ಟ್ರಂಕೆಲ್ಲ ಜಾಲಾಡಿದರೂ ಸೀರೆ ಸಿಗಲಿಲ್ಲ. ಮಾರಿಕೊಂಡು ತಿಂದಿರಬೇಕೆಂದು ಹೆಂಗಸರು ಗುಸುಗುಸು ಆಡಿದರು. ಕೊನೆಗೆ ದಿನಾ ಉಡುವ ಚೌಕಡಿ ಸೀರೆಯಲ್ಲೇ ಕಳಿಸಿದರು.

ಆ ವರ್ಷದಿಂದ ಶೇಖಮ್ಮ ಪ್ರತಿ ಕ್ರಿಸ್ಮಸ್‌ಗೆ ಒಂದೊಂದು ಕೌದಿ ಕೊಡುತ್ತ ಬಂದಳು. ಹೋದ ವರ್ಷ ಬಂದು, "ಕಣ್ಣು ಕಾಣವಲ್ವು. ಇದೊಂದು ಕೊಟ್ಟು ಮುಗಸ್ತೀನಿ. ಎಸ್ತೇರವ್ವ ಒಂದು ಕೊಟ್ಟಳು, ನಾ ನಲವತ್ತರ ಮ್ಯಾಲ ಕೊಟ್ಟೀನಿ," ಎಂದಳು. ಮಾತಿನಲ್ಲಿ ಸ್ವಲ್ಪ ಜಂಬವೂ ಇತ್ತು. ಜೊತೆಗೆ ಎಸ್ತೇರಮ್ಮ ಕೊಟ್ಟ ಆ ಹಳೇ ಕೌದಿಯನ್ನು ನನ್ನ ಮುಂದಿಟ್ಟಳು. ಮೇಲಿನ ಬಟ್ಟೆ ಜೂಲುಜೂಲಾಗಿತ್ತು. ಬಿಚ್ಚಿಕೊಟ್ಟರೆ ಹೊಸ ಮೇಲ್ಬಟ್ಟೆ ಹಾಕುತ್ತೇನೆ ಎಂದಳು.

ಬ್ಲೇಡಿನಿಂದ ಹೊಲಿಗೆ ಬಿಚ್ಚುತ್ತ ಹೋದೆ. ಕೌದಿಯ ಒಳಗೆ ಹಳೇ ಸೀರೆಗಳ ಪದರ ಇರುವುದು ಎಲ್ಲರಿಗೂ ಗೊತ್ತು. ಎರಡು ಪದರ ತೆಗೆದೆ. ಮೂರನೆಯದು ಬಿಳಿ. ಅಂಚಿನಲ್ಲಿ ಸಣ್ಣ ಬೆಳ್ಳಿ ಜರಿ. ತುಂಡಲ್ಲ, ಇಡೀ ಸೀರೆ, ನಾಲ್ಕು ಮಡಿಕೆಯಾಗಿ ಆಚೆ ತುದಿಯವರೆಗೆ.

ಶೇಖಮ್ಮ ಕಟ್ಟೆಯಿಂದ ಎದ್ದು ಬಂದು ಆ ಜರಿಯ ಮೇಲೆ ಬೆರಳಿಟ್ಟಳು.

"ನಾನೂ ಅಂದಿದ್ದೆ, ಅಲ್ಲಾಬಕ್ಷ. ಮಾರ್ಕೊಂಡಾಳ ಅಂತ. ಈ ಬಾಯಿಲೇ ಅಂದಿದ್ದೆ. ಅವತ್ತು ರಾತ್ರಿನೂ ಇದನ್ನೇ ಹೊದ್ದು ಮಲಗಿದ್ದೆ."

ಹಳಿಯ ಪಕ್ಕದ ಯಾರದೋ ಮಗುವಿಗೆ ಬೆಚ್ಚಗಿರಲೆಂದು ಆ ಆಯಾ ತನ್ನ ಕೊನೆಯ ಉಡುಗೆಯನ್ನೇ ಒಳಗಿಟ್ಟು, ಕಾಣದಂತೆ ಹೊಲಿದು, ಬಾಯಿ ಬಿಡದೆ ಹೋಗಿಬಿಟ್ಟಿದ್ದಳು. ಸಾವಿರಾರು ಬಟ್ಟೆ ಹೊಲಿದವನು ನಾನು. ಅಂಥ ಹೊಲಿಗೆ ನನ್ನಿಂದ ಒಂದೂ ಆಗಿಲ್ಲ. ಅಂಕುಡೊಂಕಾದ ಆ ದಾರದ ಮುಂದೆ ನನಗೆ ತಲೆ ಎತ್ತಲಾಗಲಿಲ್ಲ.

ಶೇಖಮ್ಮ ಹಳೇ ಕೌದಿಯನ್ನು ಇದ್ದಂತೆಯೇ ಹೊಲಿದು ಮುಚ್ಚಿದಳು. ಆಮೇಲೆ ಮೂರು ವಾರ ಕಟ್ಟೆಗೆ ಬರಲಿಲ್ಲ, ಮನೆಯಲ್ಲೇ ಹೊಲಿದಳು.

ಕ್ರಿಸ್ಮಸ್ ದಿನ ಪ್ಯಾಸೆಂಜರ್ ರೈಲಿನಲ್ಲಿ ಸೈದಾಪುರಕ್ಕೆ ಹೊರಟೆವು. ಕೌದಿ ಹೊರಲು ನನ್ನನ್ನು ಕರೆದಿದ್ದಳು. ಅಲ್ಲಿ ತಗಡಿನ ಶೆಡ್ಡಿನಲ್ಲಿ ಒಡಿಶಾ ಕಡೆಯ ಹೆಂಗಸೊಬ್ಬಳು, ಕಂಕುಳಲ್ಲಿ ಕೂಸು. ತಿಂಗಳ ಹಿಂದೆ ಶೇಖಮ್ಮ ಅವಳಿಂದ ನೀಲಿ ಟವೆಲಿನ ತುಂಡು ಬೇಡಿ ತಂದಿದ್ದಳು. "ಇದ್ರಾಗ ನಿನ್ನ ಅರಿವಿ ಅದ ನೋಡವಾ," ಎಂದು ಶೇಖಮ್ಮ ಅದೇ ಮಾತು ಹೇಳಿದಳು. ಆ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ನಡುವೆ ತನ್ನ ನೀಲಿ ತುಂಡು ಕಂಡು ನಕ್ಕಳು. ಕೂಸನ್ನು ಅದರಲ್ಲಿ ಸುತ್ತಿಕೊಂಡಳು.

ನನಗೆ ನಗು ಬರಲಿಲ್ಲ. ರೈಲಿನುದ್ದಕ್ಕೂ ಆ ಕೌದಿ ನನ್ನ ತೊಡೆಯ ಮೇಲಿತ್ತು. ದರ್ಜಿಯ ಬೆರಳಿಗೆ ಸುಳ್ಳು ಹೇಳಲಾಗುವುದಿಲ್ಲ. ಚಿಂದಿಯ ಕೆಳಗೆ ಶೇಖಮ್ಮನ ಇಳಕಲ್ಲಿನ ರೇಷ್ಮೆ ಸೆರಗು ನುಣ್ಣಗೆ ಕೈಗೆ ಹತ್ತುತ್ತಿತ್ತು.

ವಾಪಸ್ ರೈಲಿಗಾಗಿ ಪ್ಲಾಟ್‌ಫಾರ್ಮಿನ ಮೇಲೆ ಕಾಯುವಾಗ ತಡೆಯಲಾಗಲಿಲ್ಲ.

"ಅಕ್ಕಾ, ನಾಳಿ ನಿನಗ ಏನ್ ಉಡಸ್ಲಿ ನಾ?"

ಆಕೆ ನನ್ನ ಕಡೆ ತಿರುಗಲಿಲ್ಲ. "ಟೇಲರ್ ಇದ್ದೀ. ನಿನ್ನ ಅಂಗಡ್ಯಾಗ ನನಗಾಗೂವಷ್ಟು ಚಿಂದಿ ಇರಂಗಿಲ್ಲೇನು?"

ಮರುದಿನ ಅಂಗಡಿ ತೆಗೆದವನೇ ಹಸಿರು ತುಂಡುಗಳನ್ನು ಬೇರೆ ಎತ್ತಿಡಲು ಶುರುಮಾಡಿದೆ.